ನಾಡ ದನಗಳ ಕುಲಮೂಲ ಮತ್ತು ಕುಲರಕ್ಷಣೆ

ಶಿವಾಲಯದ ಎದುರಿನ ಕಲ್ಲಿನ ಬಸವನಿಗೆ ಹೂವೇರಿಸಿ ಕೈಮುಗಿಯುವುದನ್ನು ಕನ್ನಡ ನಾಡು ಮರೆತಿಲ್ಲ. ಕಾರಹುಣ್ಣಿಮೆಯಂದು ಎತ್ತುಗಳ ಕೊಂಬಿಗೆ ಬಣ್ಣ ಹಚ್ಚಿ ಕರಿ ಹರಿಯುವ, ಮಣ್ಣೆತ್ತಿನ ಅಮಾವಾಸ್ಯೆಯಂದು ಮಣ್ಣಿನ ಜೋಡೆತ್ತುಗಳನ್ನು ಜಗಲಿಯ ಮೇಲಿರಿಸಿ ಪೂಜಿಸುವ ಪದ್ಧತಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ಜೀವಂತವಾಗಿದೆ. ಆದರೆ ಕೊಟ್ಟಿಗೆಯಲ್ಲಿ ನಿಂತಿರುವ ಜೀವಂತ ಬಸವನ ತಂದೆ ಯಾವ ಹೋರಿ, ತಾಯಿ ಯಾವ ಹಿಂಡಿನ ಹಸು, ಆ ಕುಲದ ಬೀಜದ ಹೋರಿಗಳು ಈ ಸೀಮೆಯಲ್ಲಿ ಇನ್ನೆಷ್ಟು ಉಳಿದಿವೆ ಎಂದು ಕೇಳಿದರೆ, ಬರೆದಿಟ್ಟ ಉತ್ತರ ದೊರೆಯುವುದು ಅತಿ ವಿರಳ. ಭಕ್ತಿಗೆ ಕೊರತೆಯಿಲ್ಲ, ಲೆಕ್ಕಕ್ಕೆ ಕೊರತೆಯಿದೆ. ಮನುಷ್ಯರ ವಿಷಯದಲ್ಲಿ ಕುಲವನ್ನು ಕೇಳಲಾಗದೆಂದು ಶರಣರು ಬೋಧಿಸಿದರು. ದನದ ವಿಷಯದಲ್ಲಿ ಮಾತ್ರ ಕುಲವನ್ನು ಕೇಳದೆ ವಿಧಿಯಿಲ್ಲ. ಒಂದು ದನವನ್ನು ಸಾಕುವುದು ಬೇರೆ, ಒಂದು ತಳಿಯನ್ನು ಉಳಿಸುವುದು ಬೇರೆ. ಈ ಭೇದವನ್ನು ಮರೆತರೆ ಎಷ್ಟೇ ಸದುದ್ದೇಶದಿಂದ ಮಾಡಿದ ದಾನವೂ ನಿಷ್ಫಲವಾದೀತು.

ಮೊದಲು ಮೂಲದ ಮಾತು. ಜಗತ್ತಿನ ಸಾಕುದನಗಳನ್ನು ಸ್ಥೂಲವಾಗಿ ಎರಡು ಬಳಗಗಳಾಗಿ ವಿಂಗಡಿಸುವುದು ವಾಡಿಕೆ. ಯೂರೋಪು ಮತ್ತು ಪಶ್ಚಿಮ ಏಷ್ಯಾದ ಡುಬ್ಬವಿಲ್ಲದ ದನಗಳದು ಒಂದು ಬಳಗ. ಹೆಗಲ ಮೇಲೆ ಹಿಣಿಲು, ಕೊರಳಲ್ಲಿ ಜೋಲುವ ಗಂಗೆದೊಗಲು, ಸಡಿಲವಾದ ಚರ್ಮ ಇವುಗಳಿಂದ ಗುರುತಿಸಬಹುದಾದ ಭಾರತೀಯ ದನಗಳದು ಇನ್ನೊಂದು. ಇವೆರಡೂ ಒಂದೇ ಕಡೆ ಪಳಗಿದವು, ಉಷ್ಣದೇಶಕ್ಕೆ ಬಂದ ಮೇಲೆ ಹಿಣಿಲು ಬೆಳೆಯಿತು ಎಂದು ಹಿಂದೆ ಹಲವು ಪಂಡಿತರು ಭಾವಿಸಿದ್ದುಂಟು. ತಾಯಿಯಿಂದ ಮಾತ್ರ ಕರುವಿಗೆ ಬರುವ ಮೈಟೋಕಾಂಡ್ರಿಯದ ಡಿಎನ್‌ಎಯನ್ನು ಪರಿಶೀಲಿಸಿದ, ೧೯೯೪ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಭಾವನೆಯನ್ನು ಬುಡಮೇಲು ಮಾಡಿತು. ಎರಡು ಬಳಗಗಳ ಮಾತೃವಂಶಗಳು ಪರಸ್ಪರ ಬೇರ್ಪಟ್ಟು ಲಕ್ಷಾಂತರ ವರ್ಷಗಳಾಗಿವೆಯೆಂದು ಅದು ತೋರಿಸಿತು. ಮನುಷ್ಯನು ದನವನ್ನು ಪಳಗಿಸಿದ್ದಾದರೋ ಹತ್ತು ಸಾವಿರ ವರ್ಷಗಳ ಆಸುಪಾಸಿನ ಸಂಗತಿ. ಅಂದಮೇಲೆ ಇವು ಕಾಡಿನಲ್ಲಿದ್ದಾಗಲೇ ಬೇರೆಯಾಗಿದ್ದವು. ಎರಡು ಬೇರೆ ಬೇರೆ ನೆಲಗಳಲ್ಲಿ, ಬೇರೆ ಬೇರೆ ಜನರ ಕೈಯಲ್ಲಿ ಪಳಗಿದವು ಎಂಬುದೇ ಯುಕ್ತವಾದ ನಿರ್ಣಯ.

ಭಾರತೀಯ ದನ ಪಳಗಿದ ನೆಲ ಯಾವುದು? ಇಂದು ಪಾಕಿಸ್ತಾನಕ್ಕೆ ಸೇರಿರುವ ಬಲೂಚಿಸ್ತಾನದ ಮೆಹರ್‌ಗಢದಲ್ಲಿ, ಸುಮಾರು ಎಂಟು ಸಾವಿರ ವರ್ಷಗಳಷ್ಟು ಹಿಂದೆಯೇ ದನಸಾಕಣೆ ನೆಲೆಗೊಳ್ಳುತ್ತಿದ್ದುದಕ್ಕೆ ಉತ್ಖನನದಲ್ಲಿ ದೊರೆತ ಮೂಳೆಗಳು ಸಾಕ್ಷಿಯಾಗಿವೆ. ೨೦೧೦ರಲ್ಲಿ ಪ್ರಕಟವಾದ, ಏಷ್ಯಾದ ಹಲವು ದೇಶಗಳ ದನಗಳನ್ನು ಒಳಗೊಂಡ ಆನುವಂಶಿಕ ಅಧ್ಯಯನವೂ ಸಿಂಧೂ ಕಣಿವೆಯ ಪ್ರದೇಶವನ್ನೇ ಬೆಟ್ಟುಮಾಡಿತು. ಜೊತೆಗೆ ಮತ್ತೊಂದು ಸಂಭವವನ್ನೂ ಅದು ಮುಂದಿಟ್ಟಿತು: ಪಳಗಿದ ಹಿಂಡುಗಳು ಉಪಖಂಡದಲ್ಲಿ ಹರಡುತ್ತ ಹೋದಂತೆ ಅಲ್ಲಲ್ಲಿಯ ಕಾಡುಹಸುಗಳೂ ಅವುಗಳೊಡನೆ ಬೆರೆತಿರಬೇಕು, ಇನ್ನೊಂದು ಮಾತೃವಂಶದ ಕವಲು ಇಂದಿನ ದನಗಳಲ್ಲಿ ಉಳಿದಿರುವುದು ಆ ಕಾರಣದಿಂದಿರಬೇಕು.

ದಕ್ಷಿಣದ ನೆಲದಲ್ಲಿಯೂ ಈ ಕಥೆಯ ಒಂದು ಅಧ್ಯಾಯ ಬೂದಿಯಲ್ಲಿ ಬರೆಯಲ್ಪಟ್ಟಿದೆ. ಸುರಪುರ ಸೀಮೆಯ ಕೊಡೇಕಲ್ಲು ಮತ್ತು ಬೂದಿಹಾಳ, ಬಳ್ಳಾರಿ ಬಳಿಯ ಕುಪ್ಪಗಲ್ಲು, ಇಂದಿನ ತೆಲಂಗಾಣದ ಉಟ್ನೂರು ಮೊದಲಾದೆಡೆಗಳಲ್ಲಿ ದೊಡ್ಡ ದೊಡ್ಡ ಬೂದಿದಿಬ್ಬಗಳಿವೆ. ಇವು ಏನಿರಬಹುದೆಂಬ ಬಗೆಗೆ ಬಹುಕಾಲ ನಾನಾ ಊಹೆಗಳಿದ್ದವು. ಆಲ್ಚಿನ್ ಅವರು ೧೯೫೭ರಲ್ಲಿ ಉಟ್ನೂರಿನ ದಿಬ್ಬವನ್ನು ಅಗೆದು, ಅದು ನವಶಿಲಾಯುಗದ ದನಗಾಹಿಗಳ ದೊಡ್ಡಿಯೆಂದೂ, ಅಲ್ಲಿ ರಾಶಿಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟುದರಿಂದಲೇ ಬೂದಿ ಪದರಪದರವಾಗಿ ಬೆಳೆಯಿತೆಂದೂ ಪ್ರತಿಪಾದಿಸಿದರು. ದನಗಳ ಗೊರಸಿನ ಗುರುತುಗಳು ಸಹ ಅಲ್ಲಿ ಕಾಣಬಂದವು. ಮುಂದೆ ಪದ್ದಯ್ಯನವರು ಬೂದಿಹಾಳದಲ್ಲಿ ನಡೆಸಿದ ವಿಸ್ತೃತ ಉತ್ಖನನ ದೊಡ್ಡಿಯ ಪಕ್ಕದಲ್ಲಿಯೇ ಜನವಸತಿಯಿದ್ದುದನ್ನು ತೋರಿಸಿತು. ಕುಪ್ಪಗಲ್ಲಿನ ಗುಡ್ಡದ ಬಂಡೆಗಳ ಮೇಲೆ ಆ ಕಾಲದವರು ಕುಟ್ಟಿ ಮೂಡಿಸಿದ ಉದ್ದಕೊಂಬಿನ ದನಗಳ ಚಿತ್ರಗಳನ್ನು ಇಂದಿಗೂ ನೋಡಬಹುದು. ಹೀಗೆ ನಾಲ್ಕು ಸಾವಿರ ವರ್ಷಗಳಿಗೂ ಮಿಗಿಲಾಗಿ ಈ ಬಯಲಿನ ಜನಜೀವನ ದನದ ಬೆನ್ನ ಹಿಂದೆ ನಡೆದುಬಂದಿದೆ.

ಈ ಕುಲಕಥೆಯಿಂದ ಹೊರಡುವ ಕಹಿಸತ್ಯವೊಂದಿದೆ. ಸಾಕುದನಗಳಿಗೆಲ್ಲ ಪೂರ್ವಜನಾದ ಕಾಡುದನ ಭೂಮಿಯ ಮೇಲೆ ಇಂದು ಎಲ್ಲಿಯೂ ಇಲ್ಲ. ಭಾರತದ ಕಾಡುದನ ಎಂದೋ ಅಳಿಯಿತು. ಯೂರೋಪಿನ ಕಟ್ಟಕಡೆಯ ಕಾಡುಹಸು ಪೋಲೆಂಡಿನ ಅರಣ್ಯವೊಂದರಲ್ಲಿ ೧೬೨೭ರಲ್ಲಿ ಸತ್ತಿತು. ಭತ್ತದ ಒಂದು ತಳಿ ಅಳಿದರೆ ಅದರ ಕಾಡುಬಂಧುವನ್ನು ಹುಡುಕಿಕೊಂಡು ಹೋಗಲು ಜೌಗುನೆಲವಾದರೂ ಉಂಟು. ದನದ ಗುಣವೊಂದು ಕಳೆದುಹೋದರೆ ಮರಳಿ ತರಲು ಯಾವ ಕಾಡೂ ಇಲ್ಲ. ರೈತರ ಕೊಟ್ಟಿಗೆಗಳಲ್ಲಿ ಹರಡಿಕೊಂಡಿರುವ ತಳಿಗಳೇ ಉಳಿದಿರುವ ಏಕೈಕ ಭಂಡಾರ.

ಆದರೆ ತಳಿಯೆಂಬುದು ಪ್ರಕೃತಿ ತಾನಾಗಿ ಕೊಟ್ಟ ವರವೂ ಅಲ್ಲ, ಅನಾದಿಯೂ ಅಲ್ಲ. ಮನುಷ್ಯನ ಆಯ್ಕೆ, ನೆಲದ ಗುಣ, ದುಡಿಮೆಯ ಅಗತ್ಯ ಈ ಮೂರೂ ಕೂಡಿ ಕಡೆದ ವಿಗ್ರಹವದು. ಅಮೃತಮಹಲ್ ತಳಿಯ ಚರಿತ್ರೆ ಇದಕ್ಕೆ ಉಜ್ವಲ ನಿದರ್ಶನ. ಶ್ರೀರಂಗಪಟ್ಟಣದ ಅರಸರ ಹಿಂಡುಗಳನ್ನು ಚಿಕ್ಕದೇವರಾಜ ಒಡೆಯರು (೧೬೭೨–೧೭೦೪) ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯಡಿ ವ್ಯವಸ್ಥೆಗೊಳಿಸಿದರು. ಹೈದರಾಲಿ ಪಾಳೆಯಗಾರರ ಹಿಂಡುಗಳನ್ನೂ ಸೇರಿಸಿ ಅದನ್ನು ವಿಸ್ತರಿಸಿದನು. ಟಿಪ್ಪು ಸುಲ್ತಾನನು ಅದಕ್ಕೆ ‘ಅಮೃತಮಹಲ್’ ಎಂದು ಹೆಸರಿಟ್ಟು, ಹಿಂಡುಗಳ ಪಾಲನೆಗೆ ನಿಯಮಾವಳಿಯನ್ನೇ ಹೊರಡಿಸಿದನು. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ದೇಶೀ ಕವಲುಗಳಿಂದ ರೂಪುಗೊಂಡ ಈ ತಳಿಯ ಎತ್ತುಗಳು ಫಿರಂಗಿಯೆಳೆಯಲು, ಹೇರು ಹೊರಲು, ನೇಗಿಲು ಹೂಡಲು ಎಂದು ವಿಂಗಡಿತವಾಗಿದ್ದವು. ಇಂಥ ಎತ್ತುಗಳ ಬಲದಿಂದಲೇ ಹೈದರನು ಚಿದಂಬರದ ನೆರವಿಗಾಗಿ ಎರಡೂವರೆ ದಿನಗಳಲ್ಲಿ ನೂರು ಮೈಲಿ ಕ್ರಮಿಸಿದನೆಂದು ಮೈಸೂರಿನ ಗೆಜೆಟಿಯರು ಹೇಳುತ್ತದೆ.

ಈ ಹಿರಿಮೆಯ ಅಡಿಗಲ್ಲು ಯಾವುದು? ಕಾವಲು. ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಋತುಮಾನಕ್ಕನುಗುಣವಾಗಿ ವಿಂಗಡಿಸಿದ ಲಕ್ಷಗಟ್ಟಲೆ ಎಕರೆ ಹುಲ್ಲುಗಾವಲು ಈ ಹಿಂಡುಗಳಿಗಾಗಿಯೇ ಮೀಸಲಾಗಿತ್ತು. ನೆಲ, ಹಿಂಡು, ಕಾಯುವವರು, ದಫ್ತರು ಇವು ನಾಲ್ಕೂ ಒಂದೇ ವ್ಯವಸ್ಥೆಯ ಅಂಗಗಳಾಗಿದ್ದವು. ಮಿತವ್ಯಯದ ಹೆಸರಿನಲ್ಲಿ ಬ್ರಿಟಿಷ್ ಆಡಳಿತ ೧೮೬೦ರಲ್ಲಿ ಈ ಇಲಾಖೆಯನ್ನು ಮುಚ್ಚಿ ಹಿಂಡುಗಳನ್ನು ಮಾರಿಬಿಟ್ಟಿತು. ಕೆಲವೇ ವರ್ಷಗಳಲ್ಲಿ ಪ್ರಮಾದದ ಅರಿವಾಗಿ ೧೮೬೬ರಲ್ಲಿ ಮರಳಿ ಸ್ಥಾಪಿಸಬೇಕಾಯಿತು. ಚದುರಿದ ದನಗಳನ್ನು ಮತ್ತೆ ಕೂಡಿಸಲು ಆಗ ಸಾಧ್ಯವಾದದ್ದು, ಅದೇ ಕುಲದ ದನಗಳು ಇನ್ನೂ ಹಳ್ಳಿಹಳ್ಳಿಗಳಲ್ಲಿ ಧಾರಾಳವಾಗಿದ್ದುದರಿಂದ. ಅಂಥ ತಪ್ಪನ್ನು ಇಂದು ಮಾಡಿದರೆ ತಿದ್ದಿಕೊಳ್ಳಲು ಹಳ್ಳಿಗಳಲ್ಲಿ ಆ ಸಂಪತ್ತು ಉಳಿದಿಲ್ಲ.

ಇತರ ತಳಿಗಳೂ ತಮ್ಮ ತಮ್ಮ ನೆಲದ ಕೂಸುಗಳೇ. ಕೃಷ್ಣಾ ತೀರದ ಎರೆಭೂಮಿಯ ಅಂಟುಮಣ್ಣಿನಲ್ಲಿ ಭಾರದ ನೇಗಿಲೆಳೆಯಬಲ್ಲ ಎತ್ತುಗಳಿಗಾಗಿ, ದಕ್ಷಿಣ ಮರಾಠಾ ಸಂಸ್ಥಾನಗಳ ಅರಸರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗೀರ್, ಓಂಗೋಲು, ಕಾಂಕ್ರೇಜ್ ಮತ್ತು ಸ್ಥಳೀಯ ದನಗಳನ್ನು ಕೂಡಿಸಿ ಕೃಷ್ಣಾತೀರದ ತಳಿಯನ್ನು ಬೆಳೆಸಿದರು. ವಿಜಯಪುರದ ಒಣಬಯಲಿಗೆ ಖಿಲಾರಿ, ಬೀದರಿನ ಸೀಮೆಗೆ ದುಡಿಮೆ ಮತ್ತು ಹಾಲು ಎರಡಕ್ಕೂ ಒದಗುವ ದೇವಣಿ, ತುಮಕೂರು–ಹಾಸನ–ಮೈಸೂರಿನ ಹೊಲಗಳಿಗೆ ಹಳ್ಳಿಕಾರ್ ಹೊಂದಿಕೊಂಡವು. ಮಲೆನಾಡಿನ ಬಿರುಮಳೆಯಲ್ಲಿ, ಗುಡ್ಡದ ಹುಲ್ಲು ಮೇದು, ಕೊಟ್ಟಿಗೆಗೆ ಸೊಪ್ಪಿನ ಗೊಬ್ಬರ ಕೊಡುವ ಪುಟ್ಟ ದನ ಮಲೆನಾಡು ಗಿಡ್ಡ. ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆ ಅದನ್ನು ಸ್ವತಂತ್ರ ತಳಿಯೆಂದು ದಾಖಲಿಸಿದ್ದು ೨೦೧೨ರಲ್ಲಷ್ಟೇ. ಅದುವರೆಗೆ ಶತಮಾನಗಳ ಕಾಲ ಅದು ಲೆಕ್ಕದಲ್ಲಿ ಹೆಸರಿಲ್ಲದ ದನವಾಗಿತ್ತು.

ಅವನತಿಯ ಕಾರಣಗಳನ್ನು ಹುಡುಕುವಾಗ ಮಿಶ್ರತಳಿಯೊಂದನ್ನೇ ದೂಷಿಸುವುದು ನ್ಯಾಯವಲ್ಲ. ಜರ್ಸಿ, ಹಾಲ್‌ಸ್ಟೀನ್ ಬೀಜದ ಮಿಶ್ರತಳಿಗಳು ಲಕ್ಷಾಂತರ ಬಡಕುಟುಂಬಗಳಿಗೆ ವಾರವಾರವೂ ಕೈಗೆ ಹಣ ಬರುವಂತೆ ಮಾಡಿವೆ. ೧೯೭೦ರಲ್ಲಿ ಆರಂಭವಾಗಿ ೧೯೯೬ರವರೆಗೆ ನಡೆದ ಕ್ಷೀರಧಾರೆ ಯೋಜನೆಯ ಫಲವಾಗಿ ದೇಶದ ಹಾಲಿನ ಕೊರತೆ ನೀಗಿದ್ದು ಸಣ್ಣ ಸಾಧನೆಯಲ್ಲ. ಆದರೆ ಕರ್ನಾಟಕದ ಮುಖ್ಯ ತಳಿಗಳಲ್ಲಿ ಹೆಚ್ಚಿನವು ಹಾಲಿಗಾಗಿ ಬೆಳೆದವಲ್ಲ, ದುಡಿಮೆಗಾಗಿ ಬೆಳೆದವು. ಟ್ರ್ಯಾಕ್ಟರು, ಲಾರಿ, ಟಿಲ್ಲರುಗಳು ಬಂದ ದಿನವೇ ಅವುಗಳ ಕಾಯಕ ಕಳೆದುಹೋಯಿತು. ಕಾಯಕ ಕಳೆದುಕೊಂಡ ಎತ್ತಿಗೆ ಮೇವು ಹಾಕುವ ಭಾರ ಸಣ್ಣ ಹಿಡುವಳಿದಾರನ ತಲೆಯ ಮೇಲೆ ಬಿತ್ತು. ೨೦೧೯ರ ಜಾನುವಾರು ಗಣತಿಯ ಪ್ರಕಾರ ಭಾರತದಲ್ಲಿದ್ದ ದನಗಳು ಸುಮಾರು ೧೯.೨೫ ಕೋಟಿ. ೨೦೧೨ರ ಗಣತಿಗೆ ಹೋಲಿಸಿದರೆ ದೇಶೀ ದನಗಳ ಸಂಖ್ಯೆ ಶೇಕಡಾ ೬ರಷ್ಟು ಕುಸಿದು ೧೪.೨೧ ಕೋಟಿಗೆ ಇಳಿದಿತ್ತು; ವಿದೇಶೀ ಮತ್ತು ಮಿಶ್ರತಳಿಗಳು ಶೇಕಡಾ ೨೭ರಷ್ಟು ಏರಿ ೫ ಕೋಟಿ ದಾಟಿದ್ದವು. ಆ ೧೪ ಕೋಟಿಯಲ್ಲಿ ಕೂಡ ನಿರ್ದಿಷ್ಟ ತಳಿಗೆ ಸೇರಿದವು ಅಲ್ಪಭಾಗ ಮಾತ್ರ.

ಇನ್ನು ಕಾವಲುಗಳ ಸ್ಥಿತಿ. ವ್ಯವಸಾಯಕ್ಕೆ, ನಿವೇಶನಕ್ಕೆ, ನೆಡುತೋಪಿಗೆ ಎಂದು ಅವು ಹಂತಹಂತವಾಗಿ ಹರಿದು ಹಂಚಿಹೋಗಿವೆ. ಚಳ್ಳಕೆರೆ ಸೀಮೆಯ ಅಮೃತಮಹಲ್ ಕಾವಲುಗಳಲ್ಲಿ ಒಂಬತ್ತು–ಹತ್ತು ಸಾವಿರ ಎಕರೆಯಷ್ಟು ನೆಲ ರಕ್ಷಣೆ, ಬಾಹ್ಯಾಕಾಶ, ಅಣುವಿಜ್ಞಾನದ ಸಂಸ್ಥೆಗಳಿಗೆ ಮತ್ತು ಇತರ ಯೋಜನೆಗಳಿಗೆ ಹಂಚಿಕೆಯಾಗಿ, ದನಗಾಹಿಗಳ ಅಳಲು ಹಸಿರು ನ್ಯಾಯಪೀಠದವರೆಗೂ ಹೋಯಿತು. ಆ ಸಂಸ್ಥೆಗಳು ದೇಶಕ್ಕೆ ಬೇಕಾದವೇ. ಆದರೆ ಹುಲ್ಲುಗಾವಲೆಂದರೆ ಯಾರಿಗೂ ಬೇಡವಾದ ಬಂಜರೆಂಬ ಭಾವನೆ ಆಡಳಿತದ ಕಡತಗಳಲ್ಲಿ ನೆಲೆಯೂರಿರುವುದು ಶೋಚನೀಯ. ಕಡೂರು ಸೀಮೆಯ ಬಾಸೂರು ಕಾವಲು ಸಂರಕ್ಷಣಾ ಮೀಸಲು ಪ್ರದೇಶವಾಗಿ ಉಳಿದು, ಕೃಷ್ಣಮೃಗಗಳಿಗೂ ಆಶ್ರಯವಾಗಿರುವುದು ಇದಕ್ಕೆ ಸಮಾಧಾನಕರವಾದ ಅಪವಾದ.

ಇಲ್ಲಿ ತಳಿರಕ್ಷಣೆಯ ಗಣಿತವನ್ನು ಅರಿಯುವುದು ಅವಶ್ಯ. ಒಂದು ಹಿಂಡಿನಲ್ಲಿ ಸಾವಿರ ಹಸುಗಳಿವೆ, ಅವಕ್ಕೆಲ್ಲ ಹತ್ತೇ ಹೋರಿಗಳು ಎಂದಿಟ್ಟುಕೊಳ್ಳೋಣ. ಕಣ್ಣಿಗೆ ಕಾಣುವ ದನಗಳು ೧೦೧೦. ಹುಟ್ಟುವ ಪ್ರತಿ ಕರುವಿನ ಅರ್ಧ ಗುಣಗಳು ಆ ಹತ್ತು ಹೋರಿಗಳಿಂದಲೇ ಬರಬೇಕಾದುದರಿಂದ, ಆನುವಂಶಿಕ ಶಾಸ್ತ್ರದ ಪ್ರಕಾರ ಆ ಹಿಂಡಿನ ಫಲಿತಬಲ ಸುಮಾರು ೪೦ ಮಾತ್ರ. ಹೋರಿಗಳು ಎರಡಾದರೆ ಸಾವಿರ ಹಸುಗಳಿದ್ದರೂ ಆ ಬಲ ಎಂಟಕ್ಕೆ ಇಳಿಯುತ್ತದೆ. ಹೋರಿಗಳು ಐವತ್ತಾದರೆ ೧೯೦ಕ್ಕೆ ಏರುತ್ತದೆ. ಈ ಬಲ ಐವತ್ತಕ್ಕಿಂತ ಕೆಳಗಿಳಿದರೆ ಒಳಸಂಬಂಧದ ದೋಷಗಳು ಬೇಗ ಬೇಗ ಕೂಡುತ್ತವೆ: ಕರುಗಳ ಸಾವು, ಗರ್ಭ ನಿಲ್ಲದಿರುವಿಕೆ, ಕುಗ್ಗಿದ ಮೈಕಟ್ಟು. ಹಿಂಡನ್ನು ನೋಡಿ ಹಿಗ್ಗುವ ಕಣ್ಣಿಗೆ ಈ ಸವೆತ ಕಾಣುವುದಿಲ್ಲ. ಇದರ ಮಗ್ಗುಲಿಗೇ ಇನ್ನೊಂದು ಲೆಕ್ಕವಿದೆ. ನಾಡಹಸುವಿಗೆ ಪೀಳಿಗೆ ಪೀಳಿಗೆಯೂ ಪರದೇಶದ ಬೀಜವನ್ನೇ ಕೊಡುತ್ತ ಹೋದರೆ, ನಾಲ್ಕನೆಯ ಪೀಳಿಗೆಗೆ ನಾಡಗುಣ ಹದಿನಾರರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ.

ಪೂರ್ವಿಕರು ಈ ಗಣಿತವನ್ನು ಬರೆದಿರಲಿಲ್ಲವಾದರೂ ಅದರ ಸಾರವನ್ನು ಆಚರಣೆಯಲ್ಲಿ ಇರಿಸಿಕೊಂಡಿದ್ದರು. ಹರಕೆ ಹೊತ್ತು, ಲಕ್ಷಣವಂತವಾದ ಹೋರಿಗರುವನ್ನು ದೇವರ ಹೆಸರಿನಲ್ಲಿ ‘ಬಸವ’ನಾಗಿ ಬಿಡುವ ಪದ್ಧತಿ ಊರೂರಿನಲ್ಲಿತ್ತು. ಯಾರ ಹೊಲಕ್ಕೆ ಹೊಕ್ಕರೂ ಅದನ್ನು ಹೊಡೆಯುವಂತಿರಲಿಲ್ಲ; ಇಡೀ ಊರಿನ ಹಸುಗಳಿಗೆ ಅದೇ ಬೀಜದ ಹೋರಿ. ಒಬ್ಬ ದಾನಿಯ ಹರಕೆ ಊರಿನ ಒಟ್ಟು ತಳಿಯ ಭಾಗ್ಯವಾಗುತ್ತಿತ್ತು. ಕೃತಕ ಗರ್ಭಧಾರಣೆಯ ಕೇಂದ್ರಗಳು ಬಂದಮೇಲೆ ಈ ಪದ್ಧತಿ ಬಹುಮಟ್ಟಿಗೆ ನಿಂತುಹೋಯಿತು. ಇಂದು ಪುಣ್ಯಕ್ಕಾಗಿ ಗೋಶಾಲೆಗೆ ಹಸುವನ್ನು ಕೊಡುವವರು ಅನೇಕರಿದ್ದಾರೆ. ಉತ್ತಮ ಕುಲದ ಹೋರಿಯನ್ನು ಊರಿಗೆ ಬಿಡುವವರು ಅಪರೂಪ.

ಗೋಶಾಲೆಗಳ ಸೇವೆ ಸ್ತುತ್ಯವೇ. ಮುದಿ, ಅಂಗವಿಕಲ, ಅನಾಥ ದನಗಳಿಗೆ ಆಸರೆ ಕೊಡುವುದು ದಯೆಯ ಕಾರ್ಯ. ಆದರೆ ನಾನಾ ತಳಿಗಳ, ವಂಶವರಿಯದ ದನಗಳು ಒಂದೇ ಆವರಣದಲ್ಲಿ ಬೆರೆತು ಬಾಳುವೆಡೆ ಕರುಣೆ ಸಾಧ್ಯವಾದೀತು, ತಳಿರಕ್ಷಣೆ ಸಾಧ್ಯವಾಗದು. ಗೋಹತ್ಯಾ ನಿಷೇಧದ ಕಾನೂನೂ ಹಾಗೆಯೇ. ಅದು ಒಂದೊಂದು ದನದ ಪ್ರಾಣದ ಮಾತನ್ನಾಡುತ್ತದೆ, ಕುಲದ ಮುಂದುವರಿಕೆಯ ಮಾತನ್ನಾಡುವುದಿಲ್ಲ. ಇನ್ನು ನಾಡಹಸುವಿನ ಹಾಲು ಸಕಲರೋಗ ನಿವಾರಕವೆಂಬ ಜಾಹೀರಾತು. ಭಾರತೀಯ ದನಗಳಲ್ಲಿ ‘ಎ-ಟು’ ಎಂಬ ಬಗೆಯ ಹಾಲಿನ ಪ್ರೋಟೀನಿನ ಅಂಶವೇ ಅಧಿಕವೆಂಬುದು ದಿಟ. ಅದರಿಂದ ಮಹಾರೋಗಗಳು ದೂರವಾಗುತ್ತವೆಂಬುದಕ್ಕೆ ದೃಢವಾದ ಪ್ರಮಾಣವಿಲ್ಲ. ಸತ್ಯವಾದ ಕಾರಣಗಳೇ ಬೇಕಾದಷ್ಟಿರುವಾಗ ದುರ್ಬಲವಾದ ಕಾರಣವನ್ನು ಮುಂದೊಡ್ಡುವುದರಿಂದ ಕಾರ್ಯಕ್ಕೇ ಹಾನಿ. ಬಿಸಿಲನ್ನು ತಾಳುವ ಮೈ, ಹೆಚ್ಚು ಬೆವರ ಗ್ರಂಥಿಗಳಿರುವ ಚರ್ಮ, ಉಣ್ಣೆಯ ಕಾಟವನ್ನು ಎದುರಿಸುವ ಶಕ್ತಿ, ಒಣಮೇವಿನಲ್ಲಿ ಬದುಕುವ ಸಾಮರ್ಥ್ಯ ಇವು ಪರೀಕ್ಷೆಗೆ ನಿಂತ ಗುಣಗಳು. ಭೂಮಿಯ ತಾಪ ಏರುತ್ತಿರುವ ಈ ಕಾಲದಲ್ಲಿ ಇವುಗಳ ಬೆಲೆ ಹೆಚ್ಚುವುದಲ್ಲದೆ ಕುಗ್ಗಲಾರದು.

ಈ ಬೆಲೆಯನ್ನು ದೂರದ ದೇಶವೊಂದು ಬಹಳ ಹಿಂದೆಯೇ ಅರಿತುಕೊಂಡಿತು. ಆಂಧ್ರದ ಓಂಗೋಲು ದನಗಳನ್ನು ಸಾಗಿಸಿಕೊಂಡು ಹೋದ ಬ್ರೆಜಿಲ್ ದೇಶ, ಅವಕ್ಕೆ ನೆಲ್ಲೂರಿನ ಹೆಸರಿನಿಂದಲೇ ‘ನೆಲೋರೆ’ ಎಂದು ಕರೆದು, ತನ್ನ ಪಶುಸಂಪತ್ತಿನ ಬೆನ್ನೆಲುಬಾಗಿಸಿಕೊಂಡಿತು. ಗುಜರಾತಿನ ಗೀರ್ ಅಲ್ಲಿ ಹಾಲಿನ ತಳಿಯಾಗಿ ಬೆಳೆಯಿತು. ಅಮೆರಿಕದ ‘ಬ್ರಹ್ಮನ್’ ತಳಿಯನ್ನು ಕಟ್ಟಿದ ಭಾರತೀಯ ತಳಿಗಳಲ್ಲಿ ಕೃಷ್ಣಾತೀರದ್ದೂ ಒಂದು. ತವರಿನಲ್ಲಿ ಅದೇ ತಳಿ ವಿರಳವಾಗಿ ಕುಳಿತಿದೆ! ಆ ದೇಶಗಳ ಯಶಸ್ಸಿನ ಗುಟ್ಟು ತಂತ್ರಜ್ಞಾನಕ್ಕಿಂತ ಮೊದಲು ಒಂದು ಪುಸ್ತಕದಲ್ಲಿದೆ. ಹುಟ್ಟಿದ ಕರುವಿನ ತಂದೆತಾಯಿಗಳ ಹೆಸರು, ಹುಟ್ಟಿದ ದಿನ, ತೂಕ, ಹಾಲಿನ ಇಳುವರಿಗಳನ್ನು ತಪ್ಪದೆ ದಾಖಲಿಸುವ ವಂಶಾವಳಿಯ ಪುಸ್ತಕವದು.

ಇಷ್ಟರಿಂದ ಮಠಮಾನ್ಯಗಳಿಗೂ ವಿದ್ಯಾಸಂಸ್ಥೆಗಳಿಗೂ ಒಂದು ಕರ್ತವ್ಯ ಒದಗಿಬರುತ್ತದೆ. ದನಗಳ ಜಾತ್ರೆಗೂ ಮಠಗಳಿಗೂ ಇರುವ ನಂಟು ಹಳೆಯದು. ಸಿದ್ಧಗಂಗೆಯಲ್ಲಿ ಶಿವರಾತ್ರಿಯ ವೇಳೆಗೆ, ಸುತ್ತೂರಿನಲ್ಲಿ ಪುಷ್ಯಮಾಸದ ಜಾತ್ರೆಗೆ ರೈತರು ಹಳ್ಳಿಕಾರ್ ಜೋಡಿಗಳನ್ನು ಸಿಂಗರಿಸಿ ತರುತ್ತಾರೆ. ಆ ಜಾತ್ರೆಗಳು ಮಾರುಕಟ್ಟೆ ಮಾತ್ರವಲ್ಲ. ಒಳ್ಳೆಯ ಹೋರಿ ಯಾವುದೆಂದು ನಾಡೇ ನಿರ್ಣಯಿಸುವ ಪರೀಕ್ಷಾಂಗಣ. ಬಹುಮಾನವನ್ನು ಜೋಡೆತ್ತಿನ ಅಂದಕ್ಕೆ ಕೊಡುವುದರೊಂದಿಗೆ, ವಂಶ ಬರೆದಿಟ್ಟ ಹೋರಿಗೂ ಮೂರು ಪೀಳಿಗೆ ಒಂದೇ ತಳಿಯನ್ನು ಕಾಪಾಡಿದ ಮನೆತನಕ್ಕೂ ಕೊಡುವಂತಾದರೆ, ಜಾತ್ರೆಯ ಶಕ್ತಿ ತಳಿಯ ಕಡೆಗೆ ತಿರುಗೀತು. ಗೋಶಾಲೆಯುಳ್ಳ ಸಂಸ್ಥೆಗಳು ತಮ್ಮ ಸೀಮೆಗೆ ಸೇರಿದ ಒಂದೇ ತಳಿಯನ್ನು ಆಯ್ದು ಪ್ರತ್ಯೇಕ ಹಿಂಡನ್ನು ಬೆಳೆಸುವುದು, ನೆರೆಯ ಸಂಸ್ಥೆಗಳೊಡನೆ ಹೋರಿಗಳನ್ನು ಬದಲಾಯಿಸಿಕೊಳ್ಳುವುದು, ಅಜ್ಜಂಪುರದ ಅಮೃತಮಹಲ್ ಕೇಂದ್ರ ಹಾಗೂ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಗಳ ತಜ್ಞರ ಸಲಹೆಯನ್ನು ಪಡೆಯುವುದು ಅಸಾಧ್ಯವಾದ ಕಾರ್ಯವೇನಲ್ಲ.

ಶಾಲೆಯ ಪಾತ್ರ ಇನ್ನೂ ಹಿರಿದು. ಹೆರೆಡಿಟಿಯ ಪಾಠವನ್ನು ಬಟಾಣಿ ಗಿಡದ ಚಿತ್ರದಲ್ಲಿ ಕಲಿಯುವ ಹಳ್ಳಿಯ ಮಕ್ಕಳು, ಅದೇ ಪಾಠವನ್ನು ತಮ್ಮ ಊರಿನ ದನಗಳ ವಂಶಾವಳಿಯನ್ನು ಬರೆಯುವುದರ ಮೂಲಕವೂ ಕಲಿಯಬಲ್ಲರು. ಹತ್ತು ಹಳ್ಳಿಗಳ ಹೋರಿಗಳೆಷ್ಟು, ಯಾವ ತಳಿಯವು, ಯಾರ ಮನೆಯವು ಎಂಬ ಪಟ್ಟಿಯನ್ನು ವರ್ಷಕ್ಕೊಮ್ಮೆ ಸಿದ್ಧಪಡಿಸಿದರೆ ಅದು ಸರಕಾರದ ಗಣತಿಗಿಂತ ಸೂಕ್ಷ್ಮವಾದ ದಾಖಲೆಯಾದೀತು. ಇದಕ್ಕೆ ಬೇಕಾದದ್ದು ಒಂದು ನೋಟುಪುಸ್ತಕ, ಒಬ್ಬ ಶ್ರದ್ಧಾವಂತ ಅಧ್ಯಾಪಕ.

ದಾನಿಗಳಲ್ಲಿಯೂ ಒಂದು ಬಿನ್ನಹ ಸಲ್ಲುತ್ತದೆ. ಹಾಲು ಕಡಿಮೆ ಕೊಡುವ, ದುಡಿಮೆಯಿಲ್ಲದ ತಳಿಯನ್ನು ನಾಡಿನ ಹಿತಕ್ಕಾಗಿ ಬಡರೈತನೊಬ್ಬನೇ ಹೊರಬೇಕೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಹೊರೆಯನ್ನು ಸಮಾಜ ಹಂಚಿಕೊಳ್ಳಬೇಕು. ಗೋದಾನ ಮಾಡಬಯಸುವವರು ಹಸುವಿನೊಡನೆ ಅದು ಮೇಯಲು ಎರಡೆಕರೆ ಹುಲ್ಲುಗಾವಲಿನ ರಕ್ಷಣೆಯನ್ನೂ ಕೊಡಲಿ. ತಳಿಯ ಹೋರಿಯನ್ನು ಸಾಕುವ ರೈತನಿಗೆ ವರ್ಷದ ಮೇವಿನ ವೆಚ್ಚವನ್ನು ಕೊಡಲಿ. ಹಿಂದಿನವರಂತೆ ಊರಿಗೊಂದು ಬಸವನನ್ನು ಬಿಡಲಿ, ಆದರೆ ಅದರ ವಂಶವನ್ನು ಬರೆದಿಟ್ಟು ಬಿಡಲಿ. ಅಂಥ ಒಂದು ಹೋರಿಯಿಂದ ನೂರು ಕರುಗಳ ಕುಲ ಉಳಿಯುತ್ತದೆ. ಕಲ್ಲಿನ ಬಸವನನ್ನು ಕಡೆಯುವ ಶಿಲ್ಪಿ ಎಂದಿಗೂ ಸಿಕ್ಕಾನು. ಕುಲವಳಿದ ಬಸವನನ್ನು ಮರಳಿ ಕಡೆಯಬಲ್ಲ ಶಿಲ್ಪಿ ಇನ್ನೂ ಹುಟ್ಟಿಲ್ಲ.